ಯಜಮಾನ್ತಿ ಮುಂದೆ, ಅತ್ತೆ ಹಿಂದೆ

ಯಜಮಾನ್ತಿಯನ್ನು ಲಕ್ಷ್ಮೀ ಮತ್ತೆ ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಬಿಟ್ಟು ಬಂದಳು. ಒಳಗೆ ಬಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕೆಂಪು ಕೋಳಿ ಕೂತವರ ಕಾಲುಗಳ ಸಂದಿಯಿಂದ ತೂರಿ, ಚಾಪೆಯ ಮೇಲೆ ಮಲಗಿಸಿದ್ದ ಅತ್ತೆ ದುರ್ಗಮ್ಮನ ಪಾದದ ಹತ್ತಿರ ಬಂದು ನಿಂತಿತ್ತು. ಕುತ್ತಿಗೆ ವಾಲಿಸಿ ನೋಡಿತು. ಕೊಕ್ ಕೊಕ್ ಎಂದಿತು. ಬಾಗಿಲ ಕಡೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ, ಹಿಂದೆ ಯಾರೂ ಬಾರದ್ದನ್ನು ಕಂಡು ಮತ್ತೆ ಪಾದದ ಬಳಿಗೇ ಬಂತು.

"ಹೊತ್ತು ಇಷ್ಟು ಏರಿತು, ಇನ್ನೂ ಎಂತಕ್ಕೆ ಮಲಗಿದ್ದು ಅಂತ ಕೇಳ್ತೈತೆ ನೋಡು" ಎಂದಳು ಪಕ್ಕದ ಮನೆಯ ಮಾದೇವಿ. ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ಅಳುವಿನ ನಡುವೆಯೇ ನಕ್ಕರು.

ದುರ್ಗಮ್ಮ ಹೋದದ್ದು ಬೆಳಗಿನ ಜಾವ. ನಿಲ್ಕುಂದದ ಕಡೆಯಿಂದ ಅವಳ ತಮ್ಮ ಹುಚ್ಚ ಎರಡು ಬಸ್ಸು ಬದಲಿಸಿ, ಎಕ್ಕಂಬಿಯಲ್ಲಿ ಇಳಿದು ನಡೆದು ಬಂದಿದ್ದ. ಅಕ್ಕನ ಮುಖ ನೋಡಿ, ಹೆಗಲ ಟವೆಲಿನಿಂದ ಕಣ್ಣು ಒತ್ತಿಕೊಂಡು ಜಗಲಿಯಲ್ಲಿ ಕೂತ. ಉಸಿರು ನಿಂತದ್ದು ಯಾವಾಗ ಎಂದು ಅಕ್ಕನ ಮಗ, ಲಕ್ಷ್ಮೀಯ ಗಂಡ ಬಸಪ್ಪನನ್ನು ಕೇಳಿ ತಿಳಿದುಕೊಂಡ.

"ಹಂಗಾದ್ರೆ ಶನಿವಾರವೇ ಬಿತ್ತು" ಎಂದ.

ಅದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಶನಿವಾರ ಹೋದವರನ್ನು ಒಂಟಿಯಾಗಿ ಕಳಿಸುವಂತಿಲ್ಲ. ಚಟ್ಟಕ್ಕೆ ಒಂದು ಜೀವಂತ ಕೋಳಿ ಕಟ್ಟಿ ಒಯ್ದು ಸುಡುಗಾಡಿನಲ್ಲಿ ಬಿಟ್ಟು ಬರಬೇಕು. ಇಲ್ಲದಿದ್ದರೆ ವರ್ಷ ತಿರುಗುವುದರೊಳಗೆ ಅವರು ಅದೇ ಮನೆಯಿಂದ ಇನ್ನೊಬ್ಬರನ್ನು ಜೊತೆಗೆ ಕರೆಯುತ್ತಾರೆ ಎಂಬ ಭಯ. ಹಾಗೆ ಬಿಟ್ಟ ಕೋಳಿಯನ್ನು ಯಾರೂ ಮನೆಗೆ ತರುವುದಿಲ್ಲ. ಅದು ನರಿಯ ಪಾಲೋ ಕಾಡುಬೆಕ್ಕಿನ ಪಾಲೋ, ಕೇಳುವವರಿಲ್ಲ.

ಎಲ್ಲರ ಕಣ್ಣೂ ಜಗಲಿಯ ಕಂಬ ತಬ್ಬಿಕೊಂಡು ನಿಂತಿದ್ದ ತನ್ನ ಮಗಳು ನಮಿತಾಳ ಕಡೆ ಹೋಗಿ ಬಂದದ್ದನ್ನು ಲಕ್ಷ್ಮೀ ಕಂಡಳು. ನಾಲ್ಕು ವರ್ಷದ ಮಗು. ಹೋದ ಮಳೆಗಾಲ ಉಬ್ಬಸ ಏರಿ, ಉಗುರು ನೀಲಿಯಾಗಿ, ಶಿರಸಿಯ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕೂತ ದಿನಗಳು ಲಕ್ಷ್ಮೀಯ ಎದೆಯಿಂದ ಇನ್ನೂ ಇಳಿದಿರಲಿಲ್ಲ.

"ಹುಂಜ ತಗಂಡು ಹೋಗಿ ಮಾವ" ಎಂದಳು. "ದೊಡ್ಡದೈತೆ. ಒಳ್ಳೇದೈತೆ."

ಹುಚ್ಚ ತಲೆಯಾಡಿಸಿದ. "ಹುಂಜಕ್ಕೆ ಎಂತ ಗೊತ್ತು ತಂಗಿ? ಅಕ್ಕಂಗೆ ಕಣ್ಣು ಕಾಣ್ತಿರ್ಲಿಲ್ಲ. ಇಲ್ಲಿ ದಾರಿ ತೋರ್ಸಿದ್ದು ಯಾವ್ದೋ, ಅಲ್ಲಿಗೂ ಅದೇ ಹೋಗ್ಲಿ."

*

ಆ ಮನೆಯಲ್ಲಿ ಕೋಳಿ ಸಾರು ಮಾಡುತ್ತಿರಲಿಲ್ಲ ಎಂದಲ್ಲ. ಹೆಸರಿಟ್ಟ ಕೋಳಿಯನ್ನು ಕೊಯ್ಯುವುದಿಲ್ಲ ಎಂಬುದು ದುರ್ಗಮ್ಮನ ಕಟ್ಟಳೆ. ತೊಂದರೆಯೆಂದರೆ, ಮರಿ ಮೊಟ್ಟೆಯೊಡೆದು ವಾರವಾಗುವಷ್ಟರಲ್ಲಿ ಅವಳು ಹೆಸರಿಟ್ಟುಬಿಡುತ್ತಿದ್ದಳು.

ನಮಿತಾ ಹೊಟ್ಟೆಯಲ್ಲಿದ್ದಾಗ ಲಕ್ಷ್ಮೀಗೆ ಕೋಳಿ ಸಾರಿನ ಬಯಕೆ ಹುಟ್ಟಿತು. ಬಸುರಿಯ ಬಾಯಿಗೆ ಇಲ್ಲವೆನ್ನಬಾರದೆಂದು ದುರ್ಗಮ್ಮ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದಳು. ಕಳ್ಳಿಯೆಂಬ ಹೇಂಟೆಯನ್ನು ಹಿಡಿಯೋಣವೆಂದರೆ, ಪಾಪ, ಹುಲ್ಲುಗೊಣಬೆಯಲ್ಲಿ ಕದ್ದು ಇಟ್ಟ ಮೊಟ್ಟೆಗೆ ಕಾವು ಕೂತಿದೆ. ಪಟೇಲನೆಂಬ ಹುಂಜ ಹದ್ದು ಬಂದಾಗ ಮೊದಲು ಕೂಗುವವನು. ಗಿಡ್ಡಿ ಕುಂಟಿ, ಕುಂಟಿಯನ್ನು ಕೊಂದು ಯಾರು ಉಂಡಾರು. ಇನ್ನು ಆ ಕೆಂಪು ಹೇಂಟೆಮರಿ, ಅದು ಆಗಲೇ ಉಳಿದವೆಲ್ಲವನ್ನೂ ಸಾಲುಗಟ್ಟಿಸಿಕೊಂಡು ತಿರುಗುತ್ತಿತ್ತು. ಸಂಜೆ ಅದು ಮೊದಲು ಗೂಡು ಹೊಕ್ಕರೆ ಮಾತ್ರ ಮಿಕ್ಕವು ಹೊಗುವುದು. ಅದಕ್ಕೇ ಯಜಮಾನ್ತಿ ಎಂಬ ಹೆಸರು. ಹೀಗೆ ಒಬ್ಬೊಬ್ಬರ ಗುಣ ಹೇಳಿ ಮುಗಿಸಿ, ದುರ್ಗಮ್ಮ ಮಾದೇವಿಯ ಮನೆಗೆ ಹೋಗಿ ಕೋಳಿ ಕೊಂಡು ತಂದಳು.

"ನಿಮ್ಮನೇಲಿ ಇಷ್ಟೊಂದು ಐತಲ್ಲೇ" ಎಂದು ಮಾದೇವಿ ಕೇಳಿದ್ದಕ್ಕೆ, "ಅವು ಕೋಳಿ ಅಲ್ಲ ಮಾರಾಯ್ತಿ, ನಂ ಮನೆಯೋರು" ಎಂದಿದ್ದಳಂತೆ.

ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಹೆದರಿ ಮುಂದಕ್ಕೆ ಹಾಕುತ್ತಾ ಬಂದಳು. ಬಚ್ಚಲಿಗೆ, ಬಾವಿಕಟ್ಟೆಗೆ ಹೋಗುವಾಗ ಲಕ್ಷ್ಮೀ ಕೈ ಹಿಡಿಯಲು ಬಂದರೆ, "ನಿಂಗೆ ಮಗು ಐತೆ, ಒಲೆ ಐತೆ, ನೀ ಹೋಗು" ಎನ್ನುವಳು. ಸೆರಗಿನ ಗಂಟಿನಲ್ಲಿ ನುಚ್ಚು ಇರುತ್ತಿತ್ತು. ಯಜಮಾನ್ತಿ ಮುಂದೆ ಕೊಕ್ ಕೊಕ್ ಎನ್ನುತ್ತಾ ಹೋಗುವುದು, ದುರ್ಗಮ್ಮ ಆ ಸದ್ದಿನ ಹಿಂದೆ ಹೆಜ್ಜೆ ಇಡುವುದು. ಮೆಟ್ಟಿಲು ಬಂದಲ್ಲಿ ಕೋಳಿ ನಿಂತು ಹಿಂದೆ ತಿರುಗಿ ನೋಡುತ್ತಿತ್ತು. ನುಚ್ಚಿನ ಆಸೆಗೆ ಎಂದು ಬಸಪ್ಪ ನಗುತ್ತಿದ್ದ. ಆದರೆ ನುಚ್ಚು ಮುಗಿದ ದಿನವೂ ಅದು ನಿಂತು ನೋಡುವುದನ್ನು ಲಕ್ಷ್ಮೀ ಅಡಿಗೆಮನೆಯ ಕಿಟಕಿಯಿಂದ ಕಂಡಿದ್ದಳು.

*

ಮಧ್ಯಾಹ್ನ ಚಟ್ಟ ಸಿದ್ಧವಾಯಿತು. ಕೋಳಿ ಹಿಡಿಯಲು ಹೋದ ಗಂಡಸರಿಗೆಲ್ಲ ಯಜಮಾನ್ತಿ ಅಂಗಳ ಸುತ್ತಿಸಿತು. ಕೊನೆಗೆ ಲಕ್ಷ್ಮೀಯೇ ಹೋಗಿ ಕುಕ್ಕುರುಗಾಲಲ್ಲಿ ಕೂತು ಕೈ ಚಾಚಿದಳು. ಅದು ತಾನಾಗಿ ನಡೆದು ಬಂದು ಅವಳ ಅಂಗೈ ಹುಡುಕಿತು. ನುಚ್ಚು ಇರಲಿಲ್ಲ. ಎತ್ತಿಕೊಂಡಾಗ ಮೆತ್ತನೆಯ ಎದೆಯೊಳಗೆ ಅದರ ಜೀವ ಡವಡವ ಬಡಿಯುವುದು ಕೈಗೆ ತಿಳಿಯುತ್ತಿತ್ತು. ನಮಿತಾಳ ಉಬ್ಬಸದ ಎದೆಯೂ ಹೀಗೇ ಬಡಿದಿತ್ತು.

ತೆಂಗಿನ ಹಗ್ಗ ತಂದವನನ್ನು ಅವಳು ತಡೆದಳು. ಒಳಗೆ ಹೋಗಿ ಅತ್ತೆಯ ಹಳೆಯ ಹಸಿರು ಸೀರೆಯ ಅಂಚು ಹರಿದು ತಂದು, ಕಾಲು ಕೊರೆಯದ ಹಾಗೆ ತಾನೇ ಕಟ್ಟಿ ಹುಚ್ಚನ ಕೈಗೆ ಕೊಟ್ಟಳು.

"ಅಲ್ಲಿ ಬಿಚ್ಚಿ ಬಿಡ್ತೀರಿ ಅಲ್ದಾ ಮಾವ?"

"ಚಟ್ಟದಿಂದ ಬಿಚ್ಚಿ ಬಿಡೂದೇಯ" ಎಂದ ಹುಚ್ಚ. ಅವಳ ಮುಖ ನೋಡಲಿಲ್ಲ.

ಹೊತ್ತವರು ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋದರು. ಹೂವಿನ ನಡುವೆ ಕೆಂಪು ಕುತ್ತಿಗೆಯೊಂದು ಎದ್ದುಕೊಂಡೇ ಇತ್ತು. ಬಿದಿರುಮೆಳೆಯ ತಿರುವಿನವರೆಗೂ ಅದು ಕಾಣುತ್ತಿತ್ತು.

ಹೆಂಗಸರು ಮನೆ ತೊಳೆದರು. ಲಕ್ಷ್ಮೀ ಅಂಗಳ ಸಾರಿಸಿದಳು. ಗಂಡಸರು ಹೊಳೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಮರಳಿ ಬಂದು ದೀಪ ನೋಡಿದರು. ಅನ್ನದ ಚರಿಗೆ ಮಾದೇವಿಯ ಮನೆಯಿಂದ ಬಂತು.

ಹೊತ್ತು ಇಳಿದರೂ ಕೋಳಿಗಳು ಗೂಡು ಹೊಗಲಿಲ್ಲ. ನುಚ್ಚು ಎರಚಿದರೆ ಬಂದು ಕೆದಕಿ, ಮತ್ತೆ ಕಟ್ಟಿಗೆ ರಾಶಿಯ ಮೇಲೆ ಹತ್ತಿ ಕೂತವು. ಲಕ್ಷ್ಮೀ ಗಿಡ್ಡಿಯನ್ನು ಹಿಡಿದು ಒಳಗೆ ತಳ್ಳಿದರೆ, ಕಳ್ಳಿಯನ್ನು ತರುವಷ್ಟರಲ್ಲಿ ಗಿಡ್ಡಿ ಹೊರಗೆ. ಎಲ್ಲವೂ ಗದ್ದೆಯ ಕಡೆಗೇ ಮುಖ ಮಾಡಿದ್ದವು.

ಮೊದಲು ಕಂಡವಳು ನಮಿತಾ.

"ಅಮ್ಮಾ, ಯಜಮಾನ್ತಿ ಬಂತು."

ಬದುವಿನ ಮೇಲೆ ಅದು ನಿಧಾನವಾಗಿ ಬರುತ್ತಿತ್ತು. ಹೊಟ್ಟೆಯವರೆಗೆ ಕೆಸರು. ಒಂದು ಕಾಲಿನ ಗಂಟು ಸಡಿಲಿ, ಇನ್ನೊಂದರಲ್ಲಿ ಹಸಿರು ಅಂಚು ಎಳೆದಾಡುತ್ತಿತ್ತು. ಅಂಗಳದ ಅಂಚಿನಲ್ಲಿ ನಿಂತು ಕೊಕ್ ಕೊಕ್ ಎಂದಿತು. ನಿಂತು ಹಿಂದೆ ತಿರುಗಿ ನೋಡಿತು. ಬದುವಿನ ಮೇಲೆ ಯಾರೂ ಇರಲಿಲ್ಲ. ಮತ್ತೂ ಸ್ವಲ್ಪ ಹೊತ್ತು ನೋಡಿತು.

"ಒಳಗೆ ಬಿಡ್ಬೇಡ ತಂಗಿ" ಎಂದಳು ಮಾದೇವಿ ಸಣ್ಣ ದನಿಯಲ್ಲಿ. "ಮನೇಲಿ ಮಗು ಐತೆ. ಓಡ್ಸು." ಬಸಪ್ಪ ಕೋಲು ತೆಗೆದುಕೊಂಡ. ಎತ್ತಲಾರದೆ ಹಿಡಿದೇ ನಿಂತ.

ಲಕ್ಷ್ಮೀ ಮಗಳನ್ನು ಎಳೆದು ತನ್ನ ಕಾಲಿಗೆ ಒತ್ತಿಕೊಂಡಳು. ಸೀರೆಯ ಮೇಲಿಂದಲೇ ಮಗುವಿನ ಉಸಿರು ತಾಗುವುದನ್ನು ಗಮನಿಸಿದಳು. ಬಂತು, ಹೋಯಿತು, ಬಂತು.

"ಮಾವ" ಎಂದಳು, "ಜೊತೆಗೆ ಹೋಗ್ಲಿ ಅಂತ ಕಳ್ಸಿದ್ದು. ದಾರಿ ತೋರ್ಸಿ ಮುಟ್ಟಿಸಿ ಆದ್ಮೇಲೆ, ಅದು ಮನೆಗೆ ಬರ್ದೆ ಎಲ್ಲಿಗೆ ಹೋಗ್ಬೇಕು?"

ಜಗಲಿಯಲ್ಲಿ ಕೂತಿದ್ದ ಹುಚ್ಚ ಬದುವಿನ ಕಡೆ ನೋಡಿದ. ಟವೆಲಿನಿಂದ ಮುಖ ಒರೆಸಿದ. ಮತ್ತೆ ಒರೆಸಿದ.

"ನುಚ್ಚು ಹಾಕು ಅದಕ್ಕೆ" ಎಂದ ಕೊನೆಗೆ. "ಅಷ್ಟು ದೂರ ನಡೆದು ಬಂದೈತೆ."

ಬಸಪ್ಪ ಕೋಲನ್ನು ಗೋಡೆಗೆ ಒರಗಿಸಿದ. ಲಕ್ಷ್ಮೀ ಕೋಳಿಯ ಕಾಲಿನ ಗಂಟು ಬಿಚ್ಚಲೆಂದು ಬಗ್ಗಿದಳು. ಯಜಮಾನ್ತಿ ಕಾಯಲಿಲ್ಲ, ಗೂಡಿನ ಕಡೆ ಹೊರಟೇಬಿಟ್ಟಿತು. ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿತು. ಲಕ್ಷ್ಮೀ ಅದರ ಹಿಂದೆ ಹೆಜ್ಜೆ ಇಟ್ಟಳು. ಅವಳ ಸೆರಗು ಹಿಡಿದು ನಮಿತಾ. ಕಟ್ಟಿಗೆ ರಾಶಿಯಿಂದ ಧೊಪ್ಪೆಂದು ಇಳಿದು ಕಳ್ಳಿ, ಪಟೇಲ, ಕುಂಟುತ್ತಾ ಗಿಡ್ಡಿ. ಮುಂದೆ ಕೊಕ್ ಕೊಕ್ ಎನ್ನುವ ಸದ್ದು, ಹೊಸದಾಗಿ ಸಾರಿಸಿದ ಅಂಗಳದ ಹಸಿ ಸಗಣಿಯ ಮೇಲೆ ಹಸಿರು ಅಂಚು ಎಳೆದುಕೊಂಡು ಹೋದ ತೆಳ್ಳನೆಯ ಒಂದು ಗೆರೆ.