ಕೂತೇ ಹೇಳಿದ ಮಾತು

ಬೂಟಿನ ಸದ್ದು, ಬಲಗಾಲಿನದು ಸ್ವಲ್ಪ ಭಾರ, ರವಿಶಂಕರ ಡಾಕ್ಟರೇ, ಕಾರಿಡಾರ್ ತಿರುವಿನಲ್ಲಿದ್ದಾರೆ, ನನ್ನ ಮೊಣಕಾಲು ಆಗಲೇ ಬಿಗಿಯಾಗುತ್ತಿದೆ — ಏಳಬಾರದು ಸರ್ವಮಂಗಳಾ, ಇವತ್ತು ಏಳಬಾರದು. ನರ್ಸಾಗಿ ಸೇರಿದ ದಿನ ಮೊದಲು ಕಲಿಸಿದ್ದು ಇಂಜೆಕ್ಷನ್ ಅಲ್ಲ, ಡಾಕ್ಟರು ಬಂದರೆ ಎದ್ದು ನಿಲ್ಲುವುದು, ಊಟದ ಡಬ್ಬಿ ತೊಡೆಯ ಮೇಲಿದ್ದರೂ ಎದ್ದೆ, ಬಸುರಿಯಾಗಿ ಕಾಲು ಬಾತಿದ್ದಾಗಲೂ ಎದ್ದೆ, ವಾರ್ಡ್ ಇನ್‌ಚಾರ್ಜ್ ಆದೆ, ಮೇಟ್ರನ್ ಆದೆ, ಆಗಲೂ ಎದ್ದೆ, ಈಗ ಇಡೀ ಆಸ್ಪತ್ರೆಯ ಆಡಳಿತವೇ ನನ್ನದು, ಸೋಮವಾರದಿಂದ, ಬಾಗಿಲಿಗೆ ಹೆಸರಿನ ಹಲಗೆಯೂ ಬಂದಿದೆ, ಮೊಣಕಾಲಿಗೆ ಮಾತ್ರ ಇನ್ನೂ ಆದೇಶ ತಲುಪಿಲ್ಲ. ಹೋದ ತಿಂಗಳು ಹಂಗಾಮಿಯಾಗಿದ್ದಾಗ ಇದೇ ಮೇಜು, ಇಂಥದೇ ಮೀಟಿಂಗು, ಅವರು ಒಳಗೆ ಬಂದರು, ನಾನು ಎದ್ದೆ, ಸಿಸ್ಟರ್, ಹೆಂಗೂ ಎದ್ದೀರಲ್ರೀ, ನನ್ನ ರೂಮಿನಾಗ ಒಂದು ಎಕ್ಸ್‌ರೇ ಐತಿ, ತಂದುಬಿಡ್ರಿ, ಹೋಗಿ ತಂದೆ, ಬರುವಷ್ಟರಲ್ಲಿ ನರ್ಸುಗಳು ಬಟ್ಟೆ ಬದಲಿಸುವ ಕೋಣೆಯನ್ನು ಔಷಧಿ ಸ್ಟೋರ್ ಮಾಡುವುದೆಂದು ತೀರ್ಮಾನವೇ ಆಗಿಹೋಗಿತ್ತು, ನಿಮ್ಮನ್ನ ಕೇಳೋಣಂದ್ರ ನೀವಿರ್ಲಿಲ್ಲಲ್ರೀ ಅಂದರು, ಸುಳ್ಳೇನಲ್ಲ. ಕೆಟ್ಟವರೂ ಅಲ್ಲ, ಗಾಯಕ್ಕೆ ಹೊಲಿಗೆ ಹಾಕುವುದನ್ನು ನನಗೆ ಕಲಿಸಿದವರು — ಹೊಲಿಯಾಕ ಬರಲ್ಲಂದ್ರ ಹೆಂಗ್ರಿ, ರಾಯದುರ್ಗದವರಲ್ಲೇನು ನೀವು, ಎಂದು ನಕ್ಕಿದ್ದರು, ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಊರು. ಇವತ್ತಿನ ಮೀಟಿಂಗಿನಲ್ಲಿ ಅವರಿಗೆ ಹೊಸ ಆಪರೇಷನ್ ಥಿಯೇಟರಿಗೆ ಜಾಗ ಬೇಕು, ಹೆರಿಗೆ ವಾರ್ಡು ಮ್ಯಾಲಿನ ಮಹಡಿಗೆ ಹೋಗ್ಲಿ, ಲಿಫ್ಟ್ ಐತಲ್ರೀ ಅನ್ನುತ್ತಾರೆ, ಕರೆಂಟ್ ಹೋದರೆ ನಡುವೆ ನಿಲ್ಲುವ ಲಿಫ್ಟು, ಮೆಟ್ಟಿಲ ಮೇಲೇ ಹೆರಿಗೆಯಾದರೆ, ಗುಮ್ಮಘಟ್ಟದ ಕಡೆಯಿಂದ ಆಟೋದಲ್ಲಿ ಕುಲುಕಿಕೊಂಡು ಬರುವ ಬಸುರಿಯರು, ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ನೇರ ಇಲ್ಲಿಗೇ ಬರುವವರು, ಬೆರಳಿಗೆಲ್ಲ ಬಟ್ಟೆಯ ನೀಲಿ ಬಣ್ಣ, ಅವರನ್ನು ಮೆಟ್ಟಿಲು ಹತ್ತಿಸುವುದೆ? ಪಕ್ಕದಲ್ಲಿ ಹೆರಿಗೆ ವಾರ್ಡಿನ ಅಂಜನಾ ಪಿಸುಗುಡುತ್ತಾಳೆ, ಮಂಗಳಕ್ಕ, ಕುರ್ಚಿಗೆ ಗೋಂದು ಹಚ್ಚಲೇನ್ರಿ, ಸುಮ್ನಿರೇ ಅಂದೆ, ಬಾಗಿಲು ತೆರೆಯಿತು, ಗೋಂದಿನ ಮಾತಾಡಿದ ಅಂಜನಾಳೇ ಮೊದಲು ಎದ್ದುಬಿಟ್ಟಳು, ಲೆಕ್ಕದ ಬಸವರಾಜು ಎದ್ದ, ಮೇಜಿನಡಿಯಲ್ಲಿ ನನ್ನ ಎರಡೂ ಅಂಗೈ ಮೊಣಕಾಲುಗಳನ್ನು ಒತ್ತಿ ಹಿಡಿದಿವೆ, ಹೆರಿಗೆಗೆ ಬಂದವರನ್ನು ಹಿಡಿದಷ್ಟೇ ಗಟ್ಟಿಯಾಗಿ. ಡಾಕ್ಟರು ಕಾಯುತ್ತಾ ನಿಂತರು, ಯಾಕ್ರಿ ಸಿಸ್ಟರ್, ಕಾಲು ನೋವೇನ್ರಿ, ಕುಹಕವಲ್ಲ, ನಿಜವಾಗಿ ಕೇಳಿದರು, ಅದಕ್ಕೇ ಕಷ್ಟ — ಇಲ್ರಿ ಡಾಕ್ಟ್ರೇ, ಕಾಲು ಚಲೋ ಅದಾವು, ಕೂಡ್ರಿ, ಹೆರಿಗೆ ವಾರ್ಡು ಕೆಳಗೇ ಇರ್ತೈತ್ರಿ, ಥಿಯೇಟರಿಗೆ ಬ್ಯಾರೆ ಜಾಗ ನೋಡೋಣ — ನನ್ನ ದನಿಯೇ, ಆಡಿಯಾಯಿತು. ಅವರು ಕೂರಲಿಲ್ಲ, ಮೇಲಿನಿಂದ ನೋಡುತ್ತಿದ್ದಾರೆ, ಇಷ್ಟು ವರ್ಷ ಈ ಮುಖವನ್ನು ನಿಂತೇ ನೋಡಿದ್ದೆ, ಕೆಳಗಿನಿಂದ ಇದೇ ಮೊದಲು, ಗದ್ದದ ಅಡಿಯಲ್ಲಿ ಬ್ಲೇಡಿಗೆ ತಪ್ಪಿಸಿಕೊಂಡ ಒಂದಿಷ್ಟು ಬಿಳಿ ಕೂದಲು, ಬೆಳಗ್ಗೆ ಕನ್ನಡಿಯಲ್ಲಿ ಅವರಿಗೂ ಕಂಡಿರಲಿಕ್ಕಿಲ್ಲ, ಏನನ್ನುತ್ತಾರೋ, ಬಿಳಿ ಕೂದಲು ಅಲುಗಿತು, ಏನೇ ಅನ್ನಲಿ, ಅಂಗೈಗಳನ್ನು ಮೊಣಕಾಲಿನಿಂದ ತೆಗೆದು ಮೇಜಿನ ಮೇಲಿಟ್ಟೆ, ಮೊಣಕಾಲು ಏಳಲಿಲ್ಲ.