ಪಾರ್ಕಿನ ಕಮಾನು

ನಮ್ಮಣ್ಣ ಹಾಲೇಶಪ್ಪ ನಗರ ಯೋಜನೆಯ ದೊಡ್ಡ ಅಧಿಕಾರಿ. ಕೊಟ್ಟೂರಿನಲ್ಲಿ ಅವನು ಗೆರೆ ಎಳೆದಲ್ಲಿ ರಸ್ತೆ, ಬೆರಳು ತೋರಿಸಿದಲ್ಲಿ ಪಾರ್ಕು. ರುದ್ರಭೂಮಿಗೆ ಹೋಗುವ ಹಳೆಯ ದಾರಿಯನ್ನು ಮುಚ್ಚಿಸಿ, ಅಲ್ಲಿ ಹುಲ್ಲು ಬೆಳೆಸಿ, ಬಾಗಿಲಿಗೆ ತನ್ನ ಹೆಸರಿನ ಸಿಮೆಂಟು ಕಮಾನು ಕಟ್ಟಿಸಿದ್ದ.

"ಹೆಣ ಹೊತ್ಕೊಂಡು ಹೆಂಗ ಹೋಗಬೇಕ್ರಿ?" ಎಂದು ನಮ್ಮ ಓಣಿಯ ಪಾಲಾಕ್ಷ ಕೇಳಿದ್ದಕ್ಕೆ, "ಕೂಡ್ಲಿಗಿ ರಸ್ತಿ ಸುತ್ತಿ ಹೋಗ್ರಿ, ಸತ್ತೋರಿಗೇನು ಅವಸರ ಐತಿ?" ಎಂದು ಎಲ್ಲರೆದುರು ನಕ್ಕಿದ್ದ.

ತೊಂಬತ್ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನ ವಿಮಾನದಲ್ಲಿ ಕೂರಿಸಿ ಹೊರುತ್ತಾರೆ. ಅಣ್ಣ ಪಾರ್ಕಿನ ಬೀಗ ತೆಗೆಸಿದ.

"ನಮ್ಮವ್ವಗ ಸುತ್ತು ಬ್ಯಾಡ, ಇಲ್ಲೇ ಹಾಯಿಸ್ರಿ" ಎಂದ.

ಅವನ ತಂಗಿ ನಾನು, ನೆಲ ನೋಡಿದೆ. ಊರಿನ ಬೇರೆ ಯಾರ ತಾಯಿಗೂ ಆ ಗೇಟು ತೆರೆದಿರಲಿಲ್ಲ.

ವಿಮಾನ ಕಮಾನಿಗೆ ತಾಗಿ ನಿಂತಿತು. ಹೊತ್ತವರು ಮಂಡಿ ಬಗ್ಗಿಸಿದರು, ಮೇಲಿನ ಹೂವಿನ ಚಪ್ಪರ ಕಿತ್ತರು, ಆದರೂ ದಾಟಲಿಲ್ಲ. ಅಣ್ಣ ಬರೆಸಿಕೊಂಡ ಹೆಸರು ಅವ್ವನ ಹಣೆಗೆ ಅಡ್ಡ ನಿಂತಿತ್ತು. ಭಜನೆ ನಿಂತುಹೋಯಿತು. ಯಾರಾದರೂ ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಂದೆ ಹೆಗಲು ಕೊಟ್ಟಿದ್ದ ಪಾಲಾಕ್ಷ ಮೆಲ್ಲಗೆ, "ಸುತ್ತಿ ಹೋಗೋಣ ಬರ್ರಿ, ಸಾಹೇಬ್ರ" ಎಂದ.

ತಿರುಗಿದೆವು. ಆ ಸುತ್ತುದಾರಿ ಊರವರ ಕಾಲಿಗೆಲ್ಲ ರೂಢಿಯಾಗಿಬಿಟ್ಟಿತ್ತು. ಅದನ್ನು ಗೆರೆ ಎಳೆದು ಕೊಟ್ಟ ಅಣ್ಣ ಮಾತ್ರ, ಎತ್ತ ಹೋಗಬೇಕೆಂದು ತಿಳಿಯದೆ, ಪ್ರತಿ ತಿರುವಿನಲ್ಲೂ ಪಾಲಾಕ್ಷನ ಮುಖ ನೋಡುತ್ತಿದ್ದ.