ಧೂಳ್ತ ಮುಟ್ಟಿದ ಓಟು

ಜವರಯ್ಯ ಮೈಸೂರಿಗೆ ಹೋಗಿ ಬುದ್ಧನಿಗೆ ಶರಣಾಗಿ ಹತ್ತು ವರ್ಷವಾಗಿತ್ತು. ಮನೆಯ ದೇವರ ಗೂಡನ್ನು ಖಾಲಿ ಮಾಡಿ ಅಲ್ಲಿ ರೇಡಿಯೊ ಇಟ್ಟಿದ್ದ. ಹೆಂಡತಿ ಮುದ್ದಮ್ಮ ಆ ರೇಡಿಯೊಗೇ ಕೈಮುಗಿಯುತ್ತಿದ್ದಳು. ಮನೆದೇವರು ಮಾದಪ್ಪ ಅಲ್ಲಿಂದ ಎದ್ದುಹೋದನೆಂದು ಅವಳಂತೂ ಒಪ್ಪಿರಲಿಲ್ಲ.

೨೦೦೯ರ ಲೋಕಸಭೆ ಚುನಾವಣೆಗೆ ಮೂರು ದಿನವಿರುವಾಗ, ದೊಡ್ಡ ಪಕ್ಷವೊಂದರ ಚಿಕ್ಕಬಸಪ್ಪ ಜವರಯ್ಯನ ಊರಾದ ಹೆಮ್ಮಿಗೆಯ ಕೇರಿಗೆ ತಟ್ಟೆ ಹಿಡಿದು ಬಂದ. ತಟ್ಟೆಯಲ್ಲಿ ಮಾದಪ್ಪನ ಬೆಟ್ಟದ ಬೂದಿ, ಧೂಳ್ತ. ಅದನ್ನು ಮುಟ್ಟಿ ಮಾತು ಕೊಟ್ಟರೆ ಮುಗಿಯಿತು, ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಕೋರ್ಟಿಲ್ಲ. ಮನೆಮನೆಯವರೂ ಮುಟ್ಟಿದರು.

"ಓಟು ನಮ್ಗೇ ಅಂತ ಮನೆಮಕ್ಕಳ ಮ್ಯಾಲೆ ಆಣೆ ಮಾಡಿ, ಜವರಣ್ಣ."

ಜವರಯ್ಯನಿಗೆ ನಗು ಬಂತು. ನಂಬದ ದೇವರ ಆಣೆ ತನ್ನನ್ನೇನು ಕಟ್ಟೀತು? ಅವನಿದ್ದ ದಲಿತ ಸಂಘ ಮೊದಲ ಸಲ ಅಭ್ಯರ್ಥಿಯನ್ನು ನಿಲ್ಲಿಸಿತ್ತು; ಆ ಓಟಿಗಾಗಿಯೇ ಅವನು ವರ್ಷಗಟ್ಟಲೆ ಕಾದಿದ್ದ. ಮುಟ್ಟಿ ಪೀಡೆ ಕಳೆದುಕೊಂಡು, ಓಟನ್ನು ಸಂಘಕ್ಕೇ ಹಾಕಿದರಾಯಿತೆಂದು ನಗುತ್ತಲೇ ಮುಟ್ಟಿದ.

ಮುದ್ದಮ್ಮನ ಮುಖ ಬಿಳಿಚಿತು. ಒಳಗೆ ಮಗಳು ರಂಜಿನಿ ತುಂಬು ಬಸುರಿ.

"ಓಟ್ನ ಈಗ ಅವರ್ಗೇ ಒತ್ಬುಡಿ. ಎಣ್ಣು ಎರಡು ಜೀವ ಆಗೈತೆ."

"ಅದು ಬರೀ ಬೂದಿ ಕಣಮ್ಮಿ."

ಓಟಿನ ದಿನ ಬೆಳಿಗ್ಗೆಯೇ ಮಗಳಿಗೆ ನೋವು ಕಾಣಿಸಿಕೊಂಡಿತು. ಮತಗಟ್ಟೆಯ ರಟ್ಟಿನ ಮರೆಯಲ್ಲಿ ನಿಂತ ಜವರಯ್ಯ ಸಂಘದ ಗುಂಡಿಯ ಮೇಲೆ ಬೆರಳಿಟ್ಟ, ಬೆರಳು ಒತ್ತಲೊಲ್ಲದು. ಏನಾದರೂ ಆಗಿಬಿಟ್ಟರೆ? "ಬೇಗ ಒತ್ರೀ ಯಜಮಾನ್ರೇ," ಎಂದರು ಅಧಿಕಾರಿ. ಕಣ್ಣುಮುಚ್ಚಿ ಚಿಕ್ಕಬಸಪ್ಪನ ಪಕ್ಷಕ್ಕೆ ಒತ್ತಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಂಜೆ ರಂಜಿನಿ ಗಂಡುಮಗು ಹೆತ್ತಳು. ಯಾರಿಗೆ ಒತ್ತಿದಿರೆಂದು ಮುದ್ದಮ್ಮ ಎಷ್ಟು ಕೇಳಿದರೂ ಅವನು ನಾಚಿಕೆಯಿಂದ ಬಾಯಿ ಬಿಡಲಿಲ್ಲ.

ಎಣಿಕೆ ಮುಗಿದ ದಿನ ಸಂಘದ ಏಜೆಂಟು, ಕವಲಂದೆಯ ಹುಡುಗ ಗುರು, ನೇರ ಅವನ ಮನೆಗೆ ಬಂದ. ಸಂಘ ಸೋತಿತ್ತು.

"ನಿಮ್ ಬೂತಲ್ಲಿ ನಮ್ಗೆ ಬಿದ್ದಿರೋದು ಒಂದೇ ಓಟು ಕಣಣ್ಣ. ಕೇರಿಯೆಲ್ಲ ಧೂಳ್ತಕ್ಕೆ ಎದರ್ತು, ನೀವೊಬ್ರು ಎದರ್ಲಿಲ್ಲ." ಜವರಯ್ಯನ ಕೈಗಳನ್ನು ಕಣ್ಣಿಗೊತ್ತಿಕೊಂಡ. "ಭಾನ್ವಾರ ನಂಜನಗೂಡಲ್ಲಿ ಸಭೆ. ನೀವೇ ಬಂದು ಮಾತಾಡ್ಬೇಕು."

ಆ ಓಟು ಯಾರದೋ, ಅವರ ಕಾಲಿಗೆ ಬೀಳಬೇಕೆನಿಸಿತು ಜವರಯ್ಯನಿಗೆ. ನಿಜ ಹೇಳಲು ಬಾಯಿ ತೆರೆದ. ಹುಡುಗನ ಕಣ್ಣಲ್ಲಿ ನೀರಿತ್ತು.

"ಬತ್ತೀನಿ," ಎಂದುಬಿಟ್ಟ.

ಗುರು ಹೋದ ಮೇಲೆ ತಿರುಗಿದರೆ ಮುದ್ದಮ್ಮ ಎಲ್ಲ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಮಗುವನ್ನು ಎದೆಗವಚಿಕೊಂಡು.

"ಆಣೆ ಮುರೀಲಿಲ್ಲ ಕಣಮ್ಮಿ. ಅವರ್ಗೇ ಒತ್ತಿದ್ದು ನಾನು."

"ದೇವರ್ ಮುಂದೇನೇ ನಗಾಡ್ಕಂಡು ಸುಳ್ಳಾಡ್ದೋರು ನೀವು," ಎಂದಳು ಮುದ್ದಮ್ಮ. "ನಾನ್ಯಾಕೆ ನಂಬ್ಲಿ?"